ಮರೆವಿನ ಮನೆಯಿಂದ ಬರೆಯುವವರಿಗೆ

ಮರೆಗುಳಿ ಕಾಯಿಲೆಯ ಅಪ್ಪ ಅಮ್ಮಂದಿರನ್ನು ನೋಡಿಕೊಳ್ಳುತ್ತಿರುವವರು ಪತ್ರಿಕೆಗೆ ಬರೆಯಬೇಕು. ಆದರೆ ದಯವಿಟ್ಟು ‘1906ರಲ್ಲಿ ಜರ್ಮನಿಯ ಆಲ್ಝೈಮರ್ ಎಂಬ ವೈದ್ಯರು’ ಎಂದು ಶುರುಮಾಡಬೇಡಿ. ಅದು ಎಲ್ಲ ಕಡೆ ಸಿಗುತ್ತದೆ. ಸಂಜೆಯಾದೊಡನೆ ಸ್ವಂತ ಮನೆಯಲ್ಲೇ ಕುಳಿತು ‘ಮನೆಗೆ ಹೋಗೋಣ’ ಎಂದು ಹಟ ಹಿಡಿವ ಅಮ್ಮನನ್ನು ನೀವು ಹೇಗೆ ಸಮಾಧಾನ ಮಾಡಿದಿರಿ? ವಾದಿಸಿದಿರೋ, ಚಪ್ಪಲಿ ಹಾಕಿಸಿ ಬೀದಿಯಲ್ಲಿ ಒಂದು ಸುತ್ತು ಕರೆದುಕೊಂಡು ಬಂದಿರೋ? ಸ್ನಾನಕ್ಕೆ ಒಪ್ಪಿಸಿದ್ದು ಹೇಗೆ, ರಾತ್ರಿ ಬಾಗಿಲಿಗೆ ಏನು ವ್ಯವಸ್ಥೆ, ಆಯಾ ರಜೆ ಹಾಕಿದ ದಿನ ಆಫೀಸಿಗೆ ಏನು ಹೇಳಿದಿರಿ, ತಿಂಗಳಿಗೆ ಎಷ್ಟು ಖರ್ಚು? ಓದುಗರು ಹುಡುಕುವುದು ಇದನ್ನೇ. ನಿಮಗೆ ಸಿಟ್ಟು ಬಂದದ್ದನ್ನೂ ಬರೆಯಿರಿ. ತ್ಯಾಗಮೂರ್ತಿಗಳ ಕಥೆ ಯಾರ ಉಪಯೋಗಕ್ಕೂ ಬರುವುದಿಲ್ಲ.

ಹಾಸಿಗೆ ಒದ್ದೆಯಾದ ವಿವರ, ಅರೆಬಟ್ಟೆಯ ಫೋಟೊ ಬೇಡ. ಅಪ್ಪ ಅಮ್ಮ ಈಗ ‘ಬೇಡ’ ಎನ್ನಲಾರರು, ಅಷ್ಟೇ; ಒಪ್ಪಿದ್ದಾರೆ ಎಂದಲ್ಲ. ಹೆಸರು, ಊರು ಬದಲಿಸಿ. ಅಣ್ಣತಮ್ಮಂದಿರಿಗೆ ಮೊದಲೇ ಓದಲು ಕೊಡಿ.

ಬ್ರಾಹ್ಮಿಯಿಂದ ವಾಸಿಯಾಯಿತು ಎಂಬಂಥ ಮಾತು ಹಾಕುವ ಮುನ್ನ ವೈದ್ಯರೊಬ್ಬರಿಗೆ ತೋರಿಸಿ. ಆಲ್ಝೈಮರ್‌ಗೆ ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಹಾಗೆಂದು ಮರೆವೆಲ್ಲ ಅದೇ ಅಲ್ಲ: ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರಬಹುದು. ಈ ಒಂದು ಸಾಲು ಎಷ್ಟೋ ಮನೆಗಳಿಗೆ ಉಪಯೋಗ. ಕೊನೆಗೆ ಹಿರಿಯ ನಾಗರಿಕರ ಸಹಾಯವಾಣಿ 14567 ಸೇರಿಸಿ.

ಸೆಪ್ಟೆಂಬರ್ 21 ವಿಶ್ವ ಆಲ್ಝೈಮರ್ ದಿನ. ಅದಕ್ಕಾಗಿ ಬರೆದದ್ದಾದರೆ ಜುಲೈಯಲ್ಲೇ ಕಳಿಸಿ, ಯೂನಿಕೋಡ್‌ನಲ್ಲಿ, ಒಂದು ಸಲಕ್ಕೆ ಒಂದೇ ಪತ್ರಿಕೆಗೆ.