ಪೆಟ್ರೋಲ್ ಜೀಪಿನ ರೇಸ್ ಸಡಿಲಾಗಿದೆಯೇ? ಕಾರ್ಬುರೇಟರ್ ಬಿಚ್ಚುವ ಮುನ್ನ

ಪೆಡಲ್ ಅರ್ಧ ತುಳಿದರೂ ಗಾಡಿ ಸುಮ್ಮನಿರುತ್ತದೆ, ಆಮೇಲೆ ಒಮ್ಮೆಗೇ ಜಿಗಿಯುತ್ತದೆ. ದುಮ್ಮವಾಡದ ಹೊಲದ ದಾರಿಯಲ್ಲಿ ಇದು ಸೊಂಟಕ್ಕೂ ಕೆಟ್ಟದ್ದು, ಗೇರಿಗೂ ಕೆಟ್ಟದ್ದು. ಮಹೀಂದ್ರದ ಹಳೆಯ ಸಿಜೆ-3ಬಿ ಜೀಪಿನ 2.2 ಲೀಟರ್ ಪೆಟ್ರೋಲ್ ಇಂಜಿನ್ನಿಗೆ ಕಾಲಿನ ಮಾತು ಮುಟ್ಟುವುದು ಕಬ್ಬಿಣದ ರಾಡು, ನಡುವಿನ ಬೆಲ್‌ಕ್ರ್ಯಾಂಕ್, ಮತ್ತೊಂದು ರಾಡಿನ ಮೂಲಕ. ಬೈಗುಳ ಮಾತ್ರ ಕಾರ್ಬುರೇಟರಿಗೆ!

1. ಇಂಜಿನ್ ಬಂದ್ ಮಾಡಿ. ಒಬ್ಬರು ಪೆಡಲನ್ನು ಪೂರ್ತಿ ತುಳಿಯಲಿ, ಇನ್ನೊಬ್ಬರು ಏರ್ ಕ್ಲೀನರ್ ಪೈಪು ತೆಗೆದು ಒಳಗೆ ಇಣುಕಲಿ. ಕಾರ್ಬುರೇಟರಿನೊಳಗಿನ ಬಟರ್‌ಫ್ಲೈ, ಅಂದರೆ ಪೆಡಲಿನೊಡನೆ ತಿರುಗುವ ತಟ್ಟೆ, ನೆಟ್ಟಗೆ ನಿಲ್ಲಬೇಕು. ಓರೆಯಾಗಿ ನಿಂತರೆ, ಅರಬೈಲ್ ಘಟ್ಟದಲ್ಲಿ ಗಾಡಿ ಯಾಕೆ ಏದುಸಿರು ಬಿಡುತ್ತಿತ್ತು ಎಂಬುದು ತಿಳಿಯಿತು.

2. ರಿಟರ್ನ್ ಸ್ಪ್ರಿಂಗ್ ಕಳಚಿ ಒಂದೊಂದೇ ಕೀಲು ಅಲ್ಲಾಡಿಸಿ. ಸ್ಪ್ರಿಂಗ್ ಎಳೆದು ಹಿಡಿದಿರುವಾಗ ಆಟ ಗೊತ್ತಾಗುವುದಿಲ್ಲ. ಕಲಘಟಗಿ ತೊಟ್ಟಿಲಿನಂತೆ ರಾಡು ಸಲೀಸಾಗಿ ತೂಗಿದರೆ ಲೆಕ್ಕ ಹಾಕಿ: ಐದು ಕೀಲು, ಒಂದೊಂದಕ್ಕೆ ಅರ್ಧ ಮಿ.ಮೀ., ಒಟ್ಟು 2.5 ಮಿ.ಮೀ. ಕಾರ್ಬುರೇಟರ್ ಲಿವರ್ 25 ಮಿ.ಮೀ. ಇದ್ದರೆ ಸುಮಾರು 6 ಡಿಗ್ರಿ ಅಲ್ಲೇ ಹೋಯಿತು. ನಿಧಾನ ಓಟದ ಕೆಲಸವೆಲ್ಲ ನಡೆಯುವುದೇ ಅಂಥ ಕೆಲವು ಡಿಗ್ರಿಗಳಲ್ಲಿ.

3. ಬಿಗಿ ಸ್ಪ್ರಿಂಗ್ ಹಾಕಿ ಆಟ ಮುಚ್ಚಬೇಡಿ. ಸವೆತ ಹೆಚ್ಚುತ್ತದೆ.

4. ಬರೀ ಹೊಸ ಪಿನ್ ಹಾಕಿದರೆ ದುಡ್ಡು ದಂಡ, ಏಕೆಂದರೆ ತೂತೂ ಉದ್ದಕ್ಕೆ ಸವೆದಿರುತ್ತದೆ. 6 ಮಿ.ಮೀ. ಪಿನ್ನಾದರೆ ತೂತನ್ನು 8ಕ್ಕೆ ದುಂಡಗೆ ಬಿಡಿಸಿ, ಗನ್‌ಮೆಟಲ್ ಬುಷ್ ಕೂರಿಸಿ. ಕೈ ಡ್ರಿಲ್ ಸವೆದ ಕಡೆಗೇ ಜಾರುತ್ತದೆ. ಹುಬ್ಬಳ್ಳಿಯ ಗೋಕುಲ ರೋಡಿನ ಲೇತಿಗೆ ಒಯ್ಯುವುದು ಲೇಸು. ವೆಲ್ಡಿಂಗ್ ಬೇಕಾದರೆ ಲಿವರನ್ನು ಗಾಡಿಯಿಂದ ಬಿಚ್ಚಿ ದೂರ ಒಯ್ಯಿರಿ. ಪೆಟ್ರೋಲ್ ಪಕ್ಕದಲ್ಲಿ ಕಿಡಿ ಹಾರಿಸುವ ಮಿಸ್ತ್ರಿ ಎಷ್ಟೇ ಜಾಣನಿರಲಿ, ಬೇಡ.

5. ಈಗ ಕಾರ್ಬುರೇಟರಿನ ಸ್ಪಿಂಡಲ್. ಅಡ್ಡಡ್ಡ ಅಲುಗಿದರೆ ಆ ಸಂದಿಯಿಂದ ಗಾಳಿ ಒಳನುಗ್ಗುತ್ತದೆ. ಸ್ಲೋ ಸ್ಕ್ರೂ ಎಷ್ಟು ತಿರುಗಿಸಿದರೂ ನಿಧಾನ ಓಟ ಒಂದೇ ಸಮ ನಿಲ್ಲುವುದಿಲ್ಲ. ಕಾರ್ಬುರೇಟರ್ ಬಾಡಿಯಲ್ಲಿ ಬುಷ್ ಹಾಕಿಸಬೇಕು, ಇಲ್ಲವೇ ದಪ್ಪ ಸ್ಪಿಂಡಲ್ ಮಾಡಿಸಬೇಕು. ಬಟರ್‌ಫ್ಲೈ ಹಿಡಿದಿರುವ ಎರಡು ಪುಟ್ಟ ಸ್ಕ್ರೂಗಳ ತುದಿಯನ್ನು ಬಿಚ್ಚಿಕೊಳ್ಳದಂತೆ ಬಡಿದು ಅಗಲಿಸಿರುತ್ತಾರೆ. ಅದನ್ನು ಅರದಿಂದ ತೆಗೆದೇ ಬಿಚ್ಚಿ, ತಿರುಗಿ ಜೋಡಿಸುವಾಗ ಹೊಸ ಸ್ಕ್ರೂ ಹಾಕಿ ಮತ್ತೆ ತುದಿ ಬಡಿಯಿರಿ. ಒಂದು ಸಡಿಲಿ ಬಿದ್ದರೆ ನೇರ ಸಿಲಿಂಡರಿಗೆ ಹೋಗುತ್ತದೆ, ಖರ್ಚು ಪಿಸ್ಟನ್ನಿನದ್ದಾಗುತ್ತದೆ.

6. ಇಂಜಿನ್ ಮೌಂಟಿನ ರಬ್ಬರ್ ನೋಡಿ. ಅದು ಹರಿದಿದ್ದರೆ ಇಂಜಿನ್ ತಾನೇ ಓಲಾಡಿ ರಾಡನ್ನು ಎಳೆಯುತ್ತದೆ. ಫಸ್ಟ್ ಗೇರಿನ ಕುಲುಕಾಟಕ್ಕೆ ಮಿಕ್ಕವರೆಲ್ಲ ಕ್ಲಚ್ಚನ್ನೇ ಹಿಡಿದು ಕೂರುತ್ತಾರೆ, ನೀವು ಇದನ್ನೂ ನೋಡಿರಿ.

7. ಬಯಲಾಗಿರುವ ಕೀಲಿಗೆ ಗ್ರೀಸ್ ಮೆತ್ತಿದರೆ ಧೂಳು ಹಿಡಿದು ಅರದ ಪುಡಿಯಾಗುತ್ತದೆ. ತೆಳು ಎಣ್ಣೆಯ ಎರಡು ಹನಿ ಹಾಕಿ, ಒರೆಸಿ.

8. ರಾಡಿನ ಉದ್ದ ಕೂಡಿಸುವಾಗ, ಬಟರ್‌ಫ್ಲೈ ಪೂರ್ತಿ ತೆರೆದ ಹೊತ್ತಿಗೇ ಪೆಡಲ್ ನೆಲ ಮುಟ್ಟಬೇಕು. ಇಲ್ಲವಾದರೆ ಕಾಲಿನ ಬಲಕ್ಕೆ ರಾಡೇ ಬಾಗುತ್ತದೆ. ಡ್ಯಾಶ್‌ಬೋರ್ಡಿನ ಕೈ ರೇಸಿನ ವೈರನ್ನು ತುಸು ಸಡಿಲ ಬಿಡಿ. ಸ್ಪ್ರಿಂಗ್ ಸಿಕ್ಕಿಸಿ ಪೆಡಲ್ ತುಳಿದು ಬಿಡಿ: ಲಿವರ್ ಟಕ್ಕಂತ ಹಿಂದಕ್ಕೆ ಬಂದು ಸ್ಟಾಪಿಗೆ ಬಡಿಯಬೇಕು. ಬಡಿಯದಿದ್ದರೆ ಚಾವಿ ತಿರುಗಿಸಬೇಡಿ.