ತೀರ್ಥಸ್ನಾನವೂ ಈಜುವಿದ್ಯೆಯೂ

ನಮ್ಮ ಪೂರ್ವಿಕರು ಗುಡಿಯನ್ನು ಕಟ್ಟಿಸುವಾಗ ಅದರ ಮಗ್ಗುಲಲ್ಲಿ ನೀರಿಗೂ ಒಂದು ನೆಲೆಯನ್ನು ಕಲ್ಪಿಸಿದರು. ನಮಗೆ ಸಮೀಪದ ಅನಂತಗಿರಿಯಲ್ಲಿ ಶ್ರೀ ಅನಂತಪದ್ಮನಾಭಸ್ವಾಮಿಯ ಸನ್ನಿಧಿಗೆ ಪುಷ್ಕರಿಣಿಯುಂಟು. ಮೂಸಿ ನದಿಯು ಹುಟ್ಟುವುದೂ ಆ ಬೆಟ್ಟಗಳಲ್ಲಿಯೇ. ಜಹೀರಾಬಾದಿನ ಕಡೆಯ ಝರಾಸಂಗಮದಲ್ಲಿ ಕೇತಕಿ ಸಂಗಮೇಶ್ವರನಿಗೆ ಗುಂಡವುಂಟು. ಬೀದರಿನ ಝರಣಿ ನರಸಿಂಹನ ದರ್ಶನಕ್ಕಾದರೋ ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದೇ ಹೋಗಬೇಕು. 1956ರಲ್ಲಿ ರಾಜ್ಯಗಳ ಗಡಿಯು ಬದಲಾಗಿ ತಾಂಡೂರು, ಜಹೀರಾಬಾದು, ನಾರಾಯಣಖೇಡಗಳು ಕನ್ನಡನಾಡಿನ ಆಚೆಗೆ ಉಳಿದವು. ಆದರೆ ತಾಂಡೂರಿನ ಕಾಗಿಣಾ ನದಿಯು ಇಂದಿಗೂ ಹರಿದುಹೋಗಿ ಕಲಬುರಗಿಯ ಸೀಮೆಯಲ್ಲಿ ಭೀಮೆಯನ್ನು ಕೂಡುತ್ತದೆ. ನೀರಿಗೆ ಗಡಿಯ ಹಂಗಿಲ್ಲ.

ತೀರ್ಥಸ್ನಾನದಿಂದ ಪುಣ್ಯವುಂಟೆಂದು ನಾವೆಲ್ಲರೂ ನಂಬಿದ್ದೇವೆ. ಅದರಿಂದ ದೇಹಕ್ಕೆ ಆಗುವ ಹಿತವೇನು, ಆ ಹಿತವು ಯಾವ ಕಟ್ಟುಪಾಡಿಗೆ ಒಳಪಟ್ಟಿದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ಕುತ್ತಿಗೆಯವರೆಗೆ ನೀರಿನಲ್ಲಿ ನಿಂತವನಿಗೆ ತನ್ನ ದೇಹದ ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಕಾಲಿನ ಮೇಲೆ ಬೀಳುತ್ತದೆ. ಉಳಿದ ಭಾರವನ್ನು ನೀರೇ ಹೊರುತ್ತದೆ. ಆದಕಾರಣ ಮೊಣಕಾಲು ನೋವಿನಿಂದ ನಡೆಯಲಾರದ ವೃದ್ಧರೂ ನೀರಿನಲ್ಲಿ ಸುಲಭವಾಗಿ ಕೈಕಾಲು ಆಡಿಸಬಲ್ಲರು. ನೀರು ದೇಹವನ್ನು ಸುತ್ತಲಿಂದ ಒತ್ತುವುದರಿಂದ ಕಾಲುಗಳ ರಕ್ತವು ಹೃದಯಕ್ಕೆ ಸರಾಗವಾಗಿ ಮರಳುತ್ತದೆ. ಎದೆಯ ಮೇಲಿನ ಆ ಒತ್ತಡಕ್ಕೆ ಎದುರಾಗಿ ಉಸಿರೆಳೆಯಬೇಕಾದ್ದರಿಂದ ಉಸಿರಾಟದ ಸ್ನಾಯುಗಳು ಬಲಗೊಳ್ಳುತ್ತವೆ. ಈಜುವಾಗ ತೋಳು, ಬೆನ್ನು, ಹೊಟ್ಟೆ, ತೊಡೆ ಎಲ್ಲವೂ ಏಕಕಾಲದಲ್ಲಿ ದುಡಿಯುತ್ತವೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ಈಜುವವನಿಗೆ ಅಷ್ಟೂ ಸಂದಾಯವಾಗುತ್ತದೆ. ಬಯಲಿನ ನೀರಿನಲ್ಲಾದರೆ ಎಳೆಬಿಸಿಲು, ತಂಗಾಳಿ, ಮರದ ನೆರಳು ಇವೆಲ್ಲ ಸೇರಿ ಮನಸ್ಸಿನ ಭಾರವನ್ನೂ ಇಳಿಸುತ್ತವೆ.

ನಮ್ಮ ಬಾಲ್ಯದಲ್ಲಿ ಇದಕ್ಕೆ ಪಾಠಶಾಲೆ ಇರಲಿಲ್ಲ. ಬೆನ್ನಿಗೆ ಬೆಂಡು ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ಹಿರಿಯರೊಬ್ಬರು ಮೆಟ್ಟಿಲ ಮೇಲೆ ಹಿಡಿದು ಕೂರುತ್ತಿದ್ದರು. ಬೆಂಡು ದಿನದಿನಕ್ಕೆ ಚಿಕ್ಕದಾಗುತ್ತಿತ್ತು. ಒಂದು ದಿನ ಅದಿಲ್ಲದೆಯೇ ನಾವು ಆಚೆಯ ದಡವನ್ನು ಮುಟ್ಟಿರುತ್ತಿದ್ದೆವು. 1959ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ಏಷ್ಯಾದ ಪ್ರಥಮ ಮಹಿಳೆ ಆರತಿ ಸಾಹಾ ಅವರು ಸಹ ಬಾಲ್ಯದಲ್ಲಿ ಈಜಿನ ಮೊದಲ ಪಾಠವನ್ನು ಪಡೆದದ್ದು ಕಲ್ಕತ್ತೆಯ ಸ್ನಾನಘಟ್ಟದಲ್ಲಿಯೇ.

ಆದರೆ ನೀರಿನ ಲೆಕ್ಕದಲ್ಲಿ ಜಮೆಯನ್ನಷ್ಟೇ ಬರೆದು ಖರ್ಚನ್ನು ಬಿಡುವುದು ನ್ಯಾಯವಲ್ಲ. ಅದೇ ಮೆಟ್ಟಿಲ ಮೇಲೆ ನೆರೆಮನೆಯ ಹಿರಿಯರೊಬ್ಬರು ಬಾತ ಕಾಲನ್ನು ನೀರಿನಲ್ಲಿ ಇಳಿಬಿಟ್ಟು ಕುಳಿತದ್ದನ್ನು ನಾನು ಕಂಡಿದ್ದೇನೆ. ಅದು ನಾರುಹುಣ್ಣು. ಸುಮಾರು ಒಂದು ಗಜ ಉದ್ದದ ಹುಳುವು ಚರ್ಮವನ್ನು ಸೀಳಿಕೊಂಡು ಹೊರಬರುವ ರೋಗವದು. ಉರಿಯನ್ನು ತಾಳಲಾರದೆ ಕಾಲನ್ನು ನೀರಿಗಿಟ್ಟಾಗ ಹುಳುವು ಸಾವಿರಾರು ಮರಿಗಳನ್ನು ಅಲ್ಲಿಯೇ ಬಿಡುತ್ತದೆ. ಅವುಗಳನ್ನು ನುಂಗಿದ ಸೂಕ್ಷ್ಮ ನೀರುಚಿಗಟಗಳು ಕುಡಿಯುವ ನೀರಿನೊಡನೆ ಮತ್ತೊಬ್ಬರ ಹೊಟ್ಟೆಯನ್ನು ಸೇರುತ್ತವೆ. ಸುಮಾರು ಒಂದು ವರ್ಷದ ಮೇಲೆ ಅವರ ಕಾಲಿನಲ್ಲಿಯೂ ಹುಣ್ಣು ಏಳುತ್ತದೆ. ಆ ಹಿರಿಯರು ಕೇಡು ಬಯಸಿದವರಲ್ಲ, ತಿಳಿಯದವರು. ಮುಂದೆ ಸರಕಾರವು ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಿ, ಕೈಪಂಪುಗಳನ್ನು ಹಾಕಿಸಿ, ಬಟ್ಟೆಯಿಂದ ನೀರನ್ನು ಸೋಸಿ ಕುಡಿಯಲು ಕಲಿಸಿತು. 1996ರ ಜುಲೈ ತಿಂಗಳಿನಲ್ಲಿ ಭಾರತದ ಕೊನೆಯ ರೋಗಿಯು ಕಂಡುಬಂದನು. 2000ದಲ್ಲಿ ನಮ್ಮ ದೇಶವು ಈ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ರೋಗವು ಹೋಯಿತು, ಜೊತೆಗೆ ಬಾವಿಯೂ ಮುಚ್ಚಿತು, ಬೆಂಡೂ ಅಟ್ಟವನ್ನು ಸೇರಿತು.

ಸ್ಮೃತಿಕಾರರು ಇದನ್ನೆಲ್ಲ ಮುಂಗಂಡವರಂತೆ ನಿಯಮಗಳನ್ನು ವಿಧಿಸಿದ್ದಾರೆ. ನೀರಿನಲ್ಲಿ ಮಲಮೂತ್ರಗಳನ್ನೂ ಉಗುಳನ್ನೂ ಬಿಡಬಾರದು. ಉಂಡ ಕೂಡಲೇ, ರೋಗಪೀಡಿತನಾಗಿರುವಾಗ, ನಡುರಾತ್ರಿಯಲ್ಲಿ ಮೀಯಬಾರದು. ಗುರುತರಿಯದ ಜಲಾಶಯಕ್ಕೆ ಇಳಿಯಬಾರದು. ಈ ಕಡೆಯ ಮಾತು ಇಂದು ನಮಗೆ ಅತ್ಯವಶ್ಯವಾಗಿದೆ. ತಾಂಡೂರಿನ ಸುತ್ತಲೂ ಕಲ್ಲು ತೆಗೆದು ಬಿಟ್ಟ ಗಣಿಗಳಲ್ಲಿ ಮಳೆನೀರು ನಿಲ್ಲುತ್ತದೆ. ಅದು ನೋಡುವುದಕ್ಕೆ ತಿಳಿಯಾದರೂ ಅಂಚಿನಿಂದಲೇ ಆಳ, ಹಿಡಿಯಲು ಮೆಟ್ಟಿಲಿಲ್ಲ. ಕೋಟಪಲ್ಲಿಯಂಥ ಜಲಾಶಯದ ತಳದಲ್ಲಿಯೂ ಕೆಸರೆಲ್ಲಿ, ಹಳ್ಳವೆಲ್ಲಿ ಎಂಬುದು ದಡದಲ್ಲಿ ನಿಂತವನಿಗೆ ಕಾಣದು. 2021ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಮೃತರಾದರೆಂದು ಅಂದಾಜು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನ ಶಿಶುಗಳು.

ಆದುದರಿಂದ ವಾಚಕ ಮಹಾಶಯರು ಈ ಕೆಲವು ಮಾತುಗಳನ್ನು ಮನೆಯಲ್ಲಿ ಮಕ್ಕಳಿಗೆ ತಿಳಿಸಬೇಕು. ಒಬ್ಬಂಟಿಯಾಗಿ ಈಜಬಾರದು. ಮದ್ಯವನ್ನು ಸೇವಿಸಿದವನು ನೀರಿನ ಬಳಿಗೂ ಸುಳಿಯಬಾರದು. ಹಸಿರು ಕೆನೆ ಕಟ್ಟಿದ ನೀರಿಗೂ, ಜೋರುಮಳೆ ಸುರಿದ ಮರುದಿನದ ಕದಡಿದ ನೀರಿಗೂ ಇಳಿಯಬಾರದು. ಮೈಮೇಲೆ ಗಾಯವಿದ್ದರೆ ನಿಂತ ನೀರಿನಿಂದ ಇಲಿಜ್ವರವು ತಗಲಬಹುದು. ಹೃದ್ರೋಗ, ಮೂರ್ಛೆರೋಗವುಳ್ಳವರು ವೈದ್ಯರನ್ನು ಕೇಳಿಯೇ ಇಳಿಯಬೇಕು. ಮುಳುಗುತ್ತಿರುವವನನ್ನು ಕಂಡಾಗ ಹಾರಬಾರದು; ಹಗ್ಗ, ಕೋಲು, ಧೋತರ, ಖಾಲಿ ಕೊಡ ಯಾವುದನ್ನಾದರೂ ಅವನತ್ತ ಚಾಚಬೇಕು ಅಥವಾ ಎಸೆಯಬೇಕು. ಎಷ್ಟೋ ಕಡೆ ಒಬ್ಬನನ್ನು ಉಳಿಸಲು ಹಾರಿದ ಇಬ್ಬರು ಮೂವರು ಅವನೊಡನೆ ಹೋಗಿದ್ದಾರೆ.

ಭಯದಿಂದ ಮಕ್ಕಳನ್ನು ನೀರಿನಿಂದ ದೂರವಿಡುವುದೊಂದೇ ಪರಿಹಾರವೆಂದು ಕೆಲವರು ಹೇಳುವರು. ನೀರಿಗಿಳಿಯದೆ ಈಜು ಬಾರದು. ಈಜು ಬಾರದವನನ್ನು ನೀರು ಎಂದಾದರೂ ಒಂದು ದಿನ ಎದುರುಗೊಳ್ಳದೆ ಬಿಡದು. ಗುಡಿಯ ಜೀರ್ಣೋದ್ಧಾರವು ನಡೆದಿರುವ ಈ ಶುಭಸಮಯದಲ್ಲಿ ಗೋಪುರಕ್ಕೆ ಬಣ್ಣ ಬಂದಂತೆ ಕಲ್ಯಾಣಿಯ ಹೂಳೂ ಹೋಗಲಿ. ಬರುವ ನೀರಿಗೂ ಹೋಗುವ ನೀರಿಗೂ ದಾರಿಯಿರಲಿ. ಸಾಬೂನು, ಎಂಜಲೆಲೆ, ಹೂಕಸ ಅದರಲ್ಲಿ ಬೀಳದಿರಲಿ. ಆಳವನ್ನು ಕಲ್ಲಿನ ಮೇಲೆ ಬರೆಯಿಸಿ, ದಡದಲ್ಲಿ ಹಗ್ಗವನ್ನೂ ಬೆಂಡನ್ನೂ ತೂಗುಹಾಕಲಿ. ಬೇಸಿಗೆಯ ಬೆಳಗಿನಲ್ಲಿ ಈಜು ಬಲ್ಲ ಇಬ್ಬರು ಹಿರಿಯರ ಕಣ್ಣೆದುರಿನಲ್ಲಿ ಮಕ್ಕಳು ಕಲಿಯಲಿ. ಹೆಣ್ಣುಮಕ್ಕಳಿಗೂ ಬೇರೆ ಹೊತ್ತನ್ನು ಗೊತ್ತುಪಡಿಸಿ ಕಲಿಸಲಿ. ಒಂದು ಕಾಲದಲ್ಲಿ ಊರಿನ ಕೆಲವರನ್ನು ಕಲ್ಯಾಣಿಯ ಮೆಟ್ಟಿಲಿಗೂ ಬಿಡುತ್ತಿರಲಿಲ್ಲ. ಆ ಪಾಪವು ಮರಳಿ ಬಾರದಂತೆ ಎಲ್ಲ ಕೇರಿಯ ಮಕ್ಕಳೂ ಒಂದೇ ನೀರಿನಲ್ಲಿ ಕಲಿಯಲಿ.

ದೇವರಿಗೆ ಅಭಿಷೇಕವಾಗುವ ನೀರು ಊರಿನ ಮಕ್ಕಳಿಗೆ ಆರೋಗ್ಯವನ್ನೂ ಧೈರ್ಯವನ್ನೂ ಕೊಡುವಂತಾದರೆ ಈ ಜೀರ್ಣೋದ್ಧಾರವು ಪೂರ್ಣವಾದಂತೆ. ಅದಕ್ಕೆ ಶ್ರೀ ಸ್ವಾಮಿಯ ಅನುಗ್ರಹವೂ ಭಕ್ತಾದಿಗಳ ಸಹಾಯಹಸ್ತವೂ ಒದಗಲೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.