ಗ್ರಾಮ ಪಂಚಾಯಿತಿಯ ಜಾಲತಾಣ: ಸದಸ್ಯರು ಅರಿಯಬೇಕಾದ ಮೂಲಪಾಠ



ಕಾವೇರಿ ಉಕ್ಕಿದಾಗ ನಾಪೋಕ್ಲು ಸಮೀಪದ ಚೆರಿಯಪರಂಬು ರಸ್ತೆಯ ಮೇಲೆ ನೀರು ಹರಿಯುವುದು, ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ತುಂಬಿ ನಾಪೋಕ್ಲು ಕಡೆಯ ಸಂಚಾರಕ್ಕೆ ಅಡಚಣೆಯಾಗುವುದು ಈ ಭಾಗದವರಿಗೆ ಹೊಸ ಸಂಗತಿಗಳಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳುಗಳನ್ನು ಕಂಡ ಜಿಲ್ಲೆ ನಮ್ಮದು. ಅಂಥದೊಂದು ರಾತ್ರಿ ಹೊಳೆಬದಿಯ ಮನೆಯೊಂದರಲ್ಲಿ ಯಾರೋ ಮೊಬೈಲ್ ಹಿಡಿದು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾರೆಂದು ಭಾವಿಸೋಣ: ಯಾವ ರಸ್ತೆ ತೆರೆದಿದೆ? ಕಾಳಜಿ ಕೇಂದ್ರ ಎಲ್ಲಿದೆ? ಯಾರಿಗೆ ಕರೆ ಮಾಡಬೇಕು? ಪಂಚಾಯಿತಿಯ ಪುಟದಲ್ಲಿ ಹಿಂದಿನ ವರ್ಷದ ಕಾಳಜಿ ಕೇಂದ್ರದ ಹೆಸರು ದಿನಾಂಕವಿಲ್ಲದೆ ಉಳಿದಿದ್ದರೆ, ಆ ಕುಟುಂಬವು ವೃದ್ಧರನ್ನೂ ಮಕ್ಕಳನ್ನೂ ಕರೆದುಕೊಂಡು ಬೀಗ ಹಾಕಿದ ಶಾಲೆಯ ಮುಂದೆ ಮಳೆಯಲ್ಲಿ ನಿಲ್ಲಬೇಕಾದೀತು.

ಜಾಲತಾಣದ ವಿನ್ಯಾಸವನ್ನು ಬಣ್ಣ ಮತ್ತು ಚಿತ್ರಗಳ ವಿಷಯವೆಂದು ಪರಿಗಣಿಸುವ ರೂಢಿಯಿದೆ. ವಾಸ್ತವವಾಗಿ ಅದು ಸಕಾಲಕ್ಕೆ ಸರಿಯಾದ ಉತ್ತರ ತಲುಪಿಸುವ ವಿಷಯ. ಈ ಪಾಠದ ಉದ್ದೇಶ ಸದಸ್ಯರನ್ನು ತಂತ್ರಜ್ಞರನ್ನಾಗಿ ಮಾಡುವುದಲ್ಲ. ಡಾಂಬರು ಹಾಕಲು ಬಾರದಿದ್ದರೂ ರಸ್ತೆ ಸರಿಯಿದೆಯೇ ಎಂದು ತಾವು ಪರಿಶೀಲಿಸುತ್ತೀರಿ. ಜಾಲತಾಣವನ್ನೂ ಹಾಗೆಯೇ ಪರಿಶೀಲಿಸಲು ಬೇಕಾದಷ್ಟು ತಿಳಿವಳಿಕೆಯನ್ನು ಇಲ್ಲಿ ನೀಡಲಾಗಿದೆ.

1. ಅಂತರಜಾಲ ಎಂದರೇನು?

ಪ್ರಪಂಚದ ಅಸಂಖ್ಯಾತ ಗಣಕಯಂತ್ರಗಳನ್ನು ತಂತಿ, ಗಾಜಿನೆಳೆ ಮತ್ತು ರೇಡಿಯೊ ಅಲೆಗಳ ಮೂಲಕ ಪರಸ್ಪರ ಜೋಡಿಸಿರುವ ವ್ಯವಸ್ಥೆಯೇ ಅಂತರಜಾಲ. ಅಮೆರಿಕೆಯಲ್ಲಿ 1969ರಲ್ಲಿ ಆರಂಭವಾದ ಆರ್ಪಾನೆಟ್ ಎಂಬ ಜಾಲ ಇದರ ಮೂಲ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆಯ ಸಂಪರ್ಕ ಕಲ್ಪಿಸುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿತು. ಅದನ್ನೇ ನಾವು ಇಂದು ಭಾರತ್‌ನೆಟ್ ಎಂಬ ಹೆಸರಿನಿಂದ ಬಲ್ಲೆವು.

ಅಂತರಜಾಲದಲ್ಲಿ ಯಾವ ಸಂದೇಶವೂ ಇಡಿಯಾಗಿ ಸಾಗುವುದಿಲ್ಲ. ಅದನ್ನು ಸಣ್ಣ ತುಣುಕುಗಳಾಗಿ ಒಡೆದು, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಮತ್ತು ತಲುಪಬೇಕಾದ ವಿಳಾಸ ಬರೆದು ಕಳುಹಿಸಲಾಗುತ್ತದೆ. ದೀರ್ಘ ಪತ್ರವೊಂದನ್ನು ಹತ್ತು ಅಂಚೆ ಕಾರ್ಡುಗಳಲ್ಲಿ ಬರೆದು ನಾಪೋಕ್ಲುವಿನಿಂದ ಮಡಿಕೇರಿಗೆ ಕಳುಹಿಸಿದಂತೆ ಇದು. ಭಾಗಮಂಡಲದ ದಾರಿ ಮುಚ್ಚಿದ್ದರೆ ಕಾರ್ಡುಗಳು ಮೂರ್ನಾಡಿನ ದಾರಿಯಾಗಿ ಹೋಗುತ್ತವೆ. ಯಾವ ಕಾರ್ಡು ಮೊದಲು ತಲುಪಿದರೂ ಕ್ರಮಸಂಖ್ಯೆಯ ಪ್ರಕಾರ ಜೋಡಿಸಿಕೊಂಡರೆ ಪತ್ರ ಪೂರ್ಣವಾಗುತ್ತದೆ. ಒಂದು ತುಣುಕು ಕಳೆದುಹೋದರೆ ಅದೊಂದನ್ನೇ ಮರಳಿ ತರಿಸಿಕೊಳ್ಳಲಾಗುತ್ತದೆ. ಆದರೆ ಊರಿಗೆ ಇರುವುದೇ ಒಂದು ದಾರಿಯಾಗಿ, ಅಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ ಅಥವಾ ವಿದ್ಯುತ್ ಇಲ್ಲದೆ ಮೊಬೈಲ್ ಗೋಪುರ ಸ್ಥಗಿತಗೊಂಡರೆ, ಈ ಜಾಣ್ಮೆಯೂ ನಿರುಪಯುಕ್ತ. ಆದ್ದರಿಂದ ಜಾಲತಾಣ ಎಷ್ಟೇ ಉತ್ತಮವಾಗಿದ್ದರೂ ಸೂಚನಾ ಫಲಕ ಮತ್ತು ಧ್ವನಿವರ್ಧಕದ ಪ್ರಚಾರವನ್ನು ಕೈಬಿಡಬಾರದು.

2. ಜಾಲತಾಣ ಮತ್ತು ಅದರ ವಿಳಾಸ

ಅಂತರಜಾಲ ಮತ್ತು ಜಾಲತಾಣ ಒಂದೇ ಅಲ್ಲ. ಅಂತರಜಾಲವು ರಸ್ತೆಯಾದರೆ, ಜಾಲತಾಣವು ಆ ರಸ್ತೆಯ ಮೂಲಕ ತಲುಪುವ ಒಂದು ಕಚೇರಿ. ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಈ ಪುಟಗಳ ವ್ಯವಸ್ಥೆಯನ್ನು ಪ್ರಸ್ತಾಪಿಸಿದರು. ಒಂದು ಪುಟದಲ್ಲಿರುವ ಕೊಂಡಿಯನ್ನು ಒತ್ತಿದರೆ ಬೇರೊಂದು ಪುಟ ತೆರೆಯುವುದೇ ಅದರ ತಿರುಳು.

ಪುಟಗಳನ್ನು ಸಂಗ್ರಹಿಸಿಟ್ಟು, ಕೇಳಿದವರಿಗೆ ಒದಗಿಸುವ ಗಣಕಯಂತ್ರಕ್ಕೆ ಸರ್ವರ್ ಎಂದು ಹೆಸರು. ನಮ್ಮ ಮೊಬೈಲಿನಲ್ಲಿ ಆ ಪುಟವನ್ನು ತೋರಿಸುವ ತಂತ್ರಾಂಶ ಬ್ರೌಸರ್. ಸರ್ವರ್‌ಗಳ ನಿಜವಾದ ವಿಳಾಸ ಅಂಕಿಗಳಲ್ಲಿರುತ್ತದೆ. ನಾವು ಬಳಸುವುದು ಹೆಸರನ್ನು. ಕೊಡಗಿನಲ್ಲಿ ಒಕ್ಕದ ಹೆಸರು ಹೇಳಿದರೆ ಐನ್‌ಮನೆ ಎಲ್ಲಿದೆಯೆಂದು ಊರ ಹಿರಿಯರು ದಾರಿ ತೋರಿಸುವಂತೆ, ಹೆಸರಿಗೆ ತಕ್ಕ ಅಂಕಿಯ ವಿಳಾಸವನ್ನು ತಿಳಿಸುವ ವ್ಯವಸ್ಥೆಯೊಂದು ಅಂತರಜಾಲದಲ್ಲಿಯೂ ಇದೆ.

ಹೆಸರಿನ ಕೊನೆಯಲ್ಲಿ ‘ಗವ್ ಡಾಟ್ ಇನ್’ ಎಂದಿದ್ದರೆ ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ದೊರೆಯುವ ವಿಳಾಸ. ವಿಳಾಸದ ಪಕ್ಕದ ಬೀಗದ ಚಿಹ್ನೆಯು ಮಾಹಿತಿಯು ಮಧ್ಯದಲ್ಲಿ ಅನ್ಯರಿಗೆ ಓದಲಾಗದಂತೆ ಸಾಗುತ್ತದೆ ಎಂಬುದನ್ನು ಮಾತ್ರ ಸೂಚಿಸುತ್ತದೆ, ತಾಣದ ಒಡೆಯ ಪ್ರಾಮಾಣಿಕನೆಂದು ಸೂಚಿಸುವುದಿಲ್ಲ. ವಂಚಕರ ತಾಣಕ್ಕೂ ಬೀಗದ ಚಿಹ್ನೆ ಇರಬಹುದು. ಗ್ರಾಮಸ್ಥರಿಗೆ ಈ ಭೇದವನ್ನು ತಿಳಿಸಿಕೊಡುವುದು ಸದಸ್ಯರ ಕರ್ತವ್ಯಗಳಲ್ಲೊಂದು.

3. ಕಾನೂನಿನ ಆಧಾರ

ಮಾಹಿತಿ ಪ್ರಕಟಣೆಯು ಪಂಚಾಯಿತಿಯ ಔದಾರ್ಯವಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದ 4(1)(ಬಿ) ಪ್ರಕರಣವು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ 17 ಬಗೆಯ ವಿವರಗಳನ್ನು ಯಾರೂ ಅರ್ಜಿ ಸಲ್ಲಿಸುವ ಮೊದಲೇ ಪ್ರಕಟಿಸಬೇಕೆಂದು ವಿಧಿಸಿದೆ. ಕಚೇರಿಯ ರಚನೆ, ಅಧಿಕಾರಿಗಳ ಕರ್ತವ್ಯ, ಆಯವ್ಯಯ, ಸಹಾಯಧನ ಕಾರ್ಯಕ್ರಮಗಳ ಫಲಾನುಭವಿಗಳ ವಿವರ ಮುಂತಾದವು ಇದರಲ್ಲಿ ಸೇರಿವೆ. ಅದೇ ಅಧಿನಿಯಮವು ಮಾಹಿತಿಯನ್ನು ಪ್ರಸಾರ ಮಾಡುವಾಗ ವೆಚ್ಚ, ಸ್ಥಳೀಯ ಭಾಷೆ ಮತ್ತು ಆ ಪ್ರದೇಶಕ್ಕೆ ಅತ್ಯಂತ ಪರಿಣಾಮಕಾರಿಯಾದ ವಿಧಾನವನ್ನು ಗಮನದಲ್ಲಿಡಬೇಕೆಂದು ಹೇಳುತ್ತದೆ. ಜಾಲತಾಣವಿದ್ದೂ ಅದು ಯಾರಿಗೂ ಅರ್ಥವಾಗದಿದ್ದರೆ ಈ ಆಶಯ ನೆರವೇರಿದಂತಾಗದು.

ತಮ್ಮ ಪಂಚಾಯಿತಿಗೆ ಪ್ರತ್ಯೇಕ ಜಾಲತಾಣವಿರಲಿ, ಇಲಾಖೆಯ ಪೋರ್ಟಲ್‌ನಲ್ಲಿ ಒಂದು ಪುಟ ಮಾತ್ರವಿರಲಿ, ಮುಂದಿನ ನಿಯಮಗಳು ಎರಡಕ್ಕೂ ಸಮಾನವಾಗಿ ಅನ್ವಯಿಸುತ್ತವೆ.

4. ಉತ್ತಮ ವಿನ್ಯಾಸದ ಆರು ನಿಯಮಗಳು

ಅ) ಜನರ ಪ್ರಶ್ನೆಯಿಂದ ಆರಂಭಿಸಬೇಕು. ಮೊದಲ ಪುಟದಲ್ಲಿ ಸ್ವಾಗತ ಭಾಷಣ ಮತ್ತು ಭಾವಚಿತ್ರಗಳ ಸಾಲು ಇದ್ದರೆ ಓದುಗನ ಕೆಲಸ ಮುಂದುವರಿಯುವುದಿಲ್ಲ. ಗ್ರಾಮ ಸಭೆ ಯಾವಾಗ? ನಮೂನೆ 9 ಮತ್ತು 11 ಪಡೆಯಲು ಏನು ತರಬೇಕು? ತೆರಿಗೆ ಎಲ್ಲಿ ಪಾವತಿಸಬೇಕು? ನಳದಲ್ಲಿ ನೀರು ಬಾರದಿದ್ದರೆ ಯಾರಿಗೆ ತಿಳಿಸಬೇಕು? ಕಚೇರಿಯ ಬಾಗಿಲಲ್ಲಿ ದಿನನಿತ್ಯ ಕೇಳಿಬರುವ ಹತ್ತು ಪ್ರಶ್ನೆಗಳನ್ನು ಬರೆದಿಟ್ಟುಕೊಂಡರೆ ಮೊದಲ ಪುಟದ ವಿಷಯಸೂಚಿ ಸಿದ್ಧವಾದಂತೆ.

ಆ) ಸರಳ ಕನ್ನಡದಲ್ಲಿ ಬರೆಯಬೇಕು. ನಾಪೋಕ್ಲು ಭಾಗದ ಮನೆಗಳಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಮುಂತಾದ ನುಡಿಗಳು ಬಳಕೆಯಲ್ಲಿವೆ. ಅನೇಕರಿಗೆ ಕನ್ನಡವು ಶಾಲೆಯಲ್ಲಿ ಕಲಿತ ಭಾಷೆ. ‘ಉಲ್ಲೇಖಿತ ಆದೇಶದನ್ವಯ ಅರ್ಹರಿಂದ ಅರ್ಜಿ ಆಹ್ವಾನಿಸಲಾಗಿದೆ’ ಎಂಬ ವಾಕ್ಯದಿಂದ ಅವರಿಗೆ ಏನೂ ತಿಳಿಯದು. ‘ಮನೆಗೆ ನಳದ ಸಂಪರ್ಕ ಬೇಕಾದವರು ಈ ಎರಡು ದಾಖಲೆಗಳೊಂದಿಗೆ ಈ ದಿನಾಂಕದೊಳಗೆ ಪಂಚಾಯಿತಿ ಕಚೇರಿಯಲ್ಲಿ ಅರ್ಜಿ ಕೊಡಿ’ ಎಂದರೆ ತಿಳಿಯುತ್ತದೆ. ಯಾರು, ಏನು, ಎಲ್ಲಿ, ಯಾವಾಗ ಎಂಬ ನಾಲ್ಕಕ್ಕೂ ಉತ್ತರವಿಲ್ಲದ ಪ್ರಕಟಣೆ ಅಪೂರ್ಣ.

ಇ) ಪುಟ ಹಗುರವಾಗಿರಬೇಕು. ಇದನ್ನು ಲೆಕ್ಕದಿಂದಲೇ ನೋಡಬಹುದು. ಕನ್ನಡದ ಒಂದು ಸಂಕೇತಕ್ಕೆ ಸಾಮಾನ್ಯವಾಗಿ 3 ಬೈಟ್ ಬೇಕು. 2,000 ಸಂಕೇತಗಳ ಒಂದು ಸೂಚನೆಗೆ ಸುಮಾರು 6 ಕಿಲೋಬೈಟ್. ಸೆಕೆಂಡಿಗೆ 100 ಕಿಲೋಬಿಟ್ ಮಾತ್ರ ಸಾಗುವಷ್ಟು ದುರ್ಬಲ ಸಂಪರ್ಕದಲ್ಲಿಯೂ ಅದು ಅರ್ಧ ಸೆಕೆಂಡಿನಲ್ಲಿ ತಲುಪುತ್ತದೆ. ಅದೇ ಸೂಚನೆಯ ಹಾಳೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಹಾಕಿದರೆ, 4 ಮೆಗಾಬೈಟ್ ಗಾತ್ರದ ಆ ಚಿತ್ರ ತಲುಪಲು 5 ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಮಳೆಯ ರಾತ್ರಿಯಲ್ಲಿ ಈ ಐದು ನಿಮಿಷದೊಳಗೆ ಸಂಪರ್ಕವೇ ಕಡಿದುಹೋಗಬಹುದು. ಆದುದರಿಂದ ತುರ್ತು ಸೂಚನೆಗಳು ಅಕ್ಷರರೂಪದಲ್ಲಿಯೇ ಇರಬೇಕು.

ಈ) ಯೂನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಬರಹವು ಆ ಶೈಲಿ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್ ಪ್ರಪಂಚದ ಲಿಪಿಗಳಿಗೆಲ್ಲ ಒಪ್ಪಿತವಾದ ಸಂಕೇತ ಪದ್ಧತಿ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದೆ. ನುಡಿ ತಂತ್ರಾಂಶದ ಹೊಸ ಆವೃತ್ತಿಗಳಲ್ಲಿಯೂ ಇದರ ಸೌಲಭ್ಯವಿದೆ. ಯೂನಿಕೋಡ್‌ನಲ್ಲಿದ್ದ ಬರಹ ಮಾತ್ರ ಹುಡುಕಿದಾಗ ಸಿಗುತ್ತದೆ.

ಉ) ಎಲ್ಲರಿಗೂ ಎಟುಕಬೇಕು. ದೃಷ್ಟಿದೋಷವುಳ್ಳವರು ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಬಳಸುತ್ತಾರೆ. ಚಿತ್ರದೊಳಗಿನ ಅಕ್ಷರಗಳನ್ನು ಅದು ಸರಿಯಾಗಿ ಓದಲಾರದು. ಆದ್ದರಿಂದ ಪ್ರತಿ ಚಿತ್ರಕ್ಕೂ ಅಕ್ಷರರೂಪದ ವಿವರಣೆ ನೀಡಬೇಕು. ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ನಡುವೆ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸವಿರಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಹಳದಿಯ ಮೇಲೆ ಬಿಳಿ ಅಕ್ಷರ ಅದನ್ನು ದಾಟುವುದಿಲ್ಲ. ‘ಕೆಂಪು ಬಣ್ಣದಲ್ಲಿರುವ ರಸ್ತೆಗಳು ಮುಚ್ಚಿವೆ’ ಎಂದಷ್ಟೇ ಹೇಳದೆ, ‘ಮುಚ್ಚಿದೆ’ ಎಂಬ ಪದವನ್ನೂ ಬರೆಯಬೇಕು. ಬಣ್ಣ ಗುರುತಿಸಲಾಗದವರು ನಮ್ಮ ನಡುವೆ ಇದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವೂ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು 2009ರಲ್ಲಿ ಮೊದಲು ರೂಪಿಸಿದ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿಯೂ ಇದನ್ನೇ ಅಪೇಕ್ಷಿಸುತ್ತವೆ.

ಊ) ದಿನಾಂಕವಿಲ್ಲದ ಮಾಹಿತಿ ಇರಕೂಡದು. ಪ್ರತಿ ಸೂಚನೆಯ ಮೇಲೂ ಪ್ರಕಟಿಸಿದ ದಿನ ಮತ್ತು ಅದು ಜಾರಿಯಲ್ಲಿರುವ ಕೊನೆಯ ದಿನ ಇರಬೇಕು. ಅವಧಿ ಮುಗಿದ ಸೂಚನೆಯನ್ನು ಮೊದಲ ಪುಟದಿಂದ ತೆಗೆದು ಹಳೆಯ ಕಡತಗಳ ವಿಭಾಗಕ್ಕೆ ಸೇರಿಸಬೇಕು. ಅನ್ಯ ಇಲಾಖೆಯ ಮಾಹಿತಿಯನ್ನು ನಕಲು ಮಾಡಿ ಹಾಕುವುದಕ್ಕಿಂತ ಆ ಇಲಾಖೆಯ ಪುಟಕ್ಕೆ ಕೊಂಡಿ ನೀಡುವುದು ಲೇಸು, ಏಕೆಂದರೆ ಮೂಲದಲ್ಲಿ ಬದಲಾದುದು ನಕಲಿನಲ್ಲಿ ಬದಲಾಗುವುದಿಲ್ಲ. ಉದಾಹರಣೆಗೆ, ಪಂಚಾಯಿತಿಯ ಯೋಜನೆ ಮತ್ತು ವೆಚ್ಚದ ವಿವರಗಳಿಗೆ 2020ರ ಏಪ್ರಿಲ್ 24ರಂದು ಆರಂಭವಾದ ಇ-ಗ್ರಾಮಸ್ವರಾಜ್ ಪೋರ್ಟಲ್‌ನ ಕೊಂಡಿ ನೀಡಬಹುದು.

5. ಪ್ರಕಟಿಸಬಾರದ ವಿವರಗಳು

ಪಾರದರ್ಶಕತೆಯ ಹೆಸರಿನಲ್ಲಿ ಫಲಾನುಭವಿಗಳಿಗೆ ಹಾನಿಯಾಗಕೂಡದು. ಫಲಾನುಭವಿಯ ಹೆಸರು, ಗ್ರಾಮ, ಯೋಜನೆ ಮತ್ತು ಮೊತ್ತವನ್ನು ಪ್ರಕಟಿಸುವುದು ಸರಿ. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು 2016ರ ಆಧಾರ್ ಅಧಿನಿಯಮವು ನಿಷೇಧಿಸಿದೆ. ಬ್ಯಾಂಕ್ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ ಮತ್ತು ರೋಗದ ವಿವರಗಳನ್ನೂ ಹಾಕಬಾರದು. ಕಚೇರಿಯ ಬಳಕೆಗೆಂದು ಸಿದ್ಧಪಡಿಸಿದ ಪಟ್ಟಿಯನ್ನು ಯಥಾವತ್ತಾಗಿ ಜಾಲತಾಣಕ್ಕೆ ಏರಿಸಿದಾಗ ಇಂಥ ತಪ್ಪುಗಳು ಸಂಭವಿಸುತ್ತವೆ. ಏರಿಸುವ ಮುನ್ನ ಎಲ್ಲ ಕಲಂಗಳನ್ನೂ ಓದಿ ನೋಡುವ ಪದ್ಧತಿಯನ್ನು ಕಡ್ಡಾಯಗೊಳಿಸಬೇಕು.

6. ಹೊಣೆ ಯಾರದು?

ಜಾಲತಾಣವು ಉದ್ಘಾಟನೆಯೊಂದಿಗೆ ಮುಗಿಯುವ ಕಾಮಗಾರಿಯಲ್ಲ. ಅದು ಕುಡಿಯುವ ನೀರಿನ ಯೋಜನೆಯಂತೆ ನಿತ್ಯ ನಿರ್ವಹಣೆಯನ್ನು ಬೇಡುತ್ತದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಮೇಲ್ವಿಚಾರಣೆಯಲ್ಲಿ ಪುಟವನ್ನು ತಿದ್ದುವವರು ಯಾರು, ಅವರು ರಜೆಯಲ್ಲಿದ್ದಾಗ ಬದಲಿ ಯಾರು ಎಂಬುದನ್ನು ಸಾಮಾನ್ಯ ಸಭೆಯಲ್ಲಿ ನಿರ್ಣಯಿಸಿ ನಡಾವಳಿಯಲ್ಲಿ ದಾಖಲಿಸುವುದು ಸೂಕ್ತ. ಖಾಸಗಿಯವರಿಂದ ಜಾಲತಾಣ ಮಾಡಿಸಿದ್ದಲ್ಲಿ, ವಿಳಾಸದ ಒಡೆತನ ಮತ್ತು ಗುಪ್ತಪದ ಪಂಚಾಯಿತಿಯ ವಶದಲ್ಲಿಯೇ ಇರತಕ್ಕದ್ದು. ಗುಪ್ತಪದವನ್ನು ಗೋಡೆಯ ಮೇಲೆ ಬರೆದಿಡುವುದಾಗಲಿ, ಸಿಬ್ಬಂದಿ ವರ್ಗಾವಣೆಯಾದ ನಂತರವೂ ಬದಲಾಯಿಸದಿರುವುದಾಗಲಿ ಕೂಡದು.

ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ, ತುರ್ತು ಪುಟದ ಪ್ರತಿಯೊಂದು ದೂರವಾಣಿ ಸಂಖ್ಯೆಗೂ ಕರೆ ಮಾಡಿ ಪರೀಕ್ಷಿಸಬೇಕು. ತುರ್ತು ಸೇವೆಯ 112 ಮತ್ತು ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಗಳು ಪುಟದ ಮೇಲ್ಭಾಗದಲ್ಲಿ, ಒತ್ತಿದ ಕೂಡಲೇ ಕರೆ ಹೋಗುವಂತೆ ಇರಬೇಕು.

7. ಅಭ್ಯಾಸ

ಮುಂದಿನ ಸಾಮಾನ್ಯ ಸಭೆಗೆ ಬರುವ ಮುನ್ನ ಸದಸ್ಯರು ತಮ್ಮ ವಾರ್ಡಿನಲ್ಲಿ ಈ ಪರೀಕ್ಷೆಯನ್ನು ನಡೆಸಬೇಕೆಂದು ಕೋರಲಾಗಿದೆ. ಸಾಧಾರಣ ಮೊಬೈಲ್ ಬಳಸುವ ಮೂವರನ್ನು ಆರಿಸಿಕೊಳ್ಳಿ: ಒಬ್ಬರು ತೋಟದ ಕಾರ್ಮಿಕರು, ಒಬ್ಬರು ಸ್ವಸಹಾಯ ಸಂಘದ ಮಹಿಳೆ, ಒಬ್ಬರು ಅರವತ್ತು ದಾಟಿದವರು. ಪಂಚಾಯಿತಿಯ ಪುಟವನ್ನು ತೆರೆದುಕೊಟ್ಟು, ಕೆಳಗಿನವುಗಳನ್ನು ಹುಡುಕಲು ಹೇಳಿ:

• ಮುಂದಿನ ಗ್ರಾಮ ಸಭೆಯ ದಿನಾಂಕ ಮತ್ತು ಸ್ಥಳ.
• ಕುಡಿಯುವ ನೀರಿನ ದೂರು ಸ್ವೀಕರಿಸುವವರ ದೂರವಾಣಿ ಸಂಖ್ಯೆ.
• ಈ ವರ್ಷದ ಕಾಳಜಿ ಕೇಂದ್ರ ಎಲ್ಲಿದೆ ಎಂಬ ವಿವರ.

ಪ್ರತಿಯೊಂದಕ್ಕೂ ಒಂದು ನಿಮಿಷ ಕಾಲಾವಕಾಶ ನೀಡಿ. ಅವರಿಗೆ ನೆರವಾಗಬೇಡಿ. ಎಲ್ಲಿ ಬೆರಳು ನಿಂತಿತು, ಯಾವ ಪದ ಅರ್ಥವಾಗಲಿಲ್ಲ ಎಂಬುದನ್ನು ಮಾತ್ರ ಬರೆದುಕೊಳ್ಳಿ. ಉತ್ತರ ಸಿಗದಿದ್ದರೆ ತಪ್ಪು ಹುಡುಕಿದವರದಲ್ಲ, ಪುಟದ್ದು. ಆ ಟಿಪ್ಪಣಿಯನ್ನು ಸಭೆಯಲ್ಲಿ ಮಂಡಿಸಿ, ಯಾವ ತಿದ್ದುಪಡಿ ಯಾವ ದಿನಾಂಕದೊಳಗೆ ಆಗಬೇಕೆಂದು ತೀರ್ಮಾನಿಸಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ಸೇರಬೇಕೆಂಬ ನಿಯಮವಿರುವುದರಿಂದ, ಪ್ರತಿ ಗ್ರಾಮ ಸಭೆಗೆ ಮುನ್ನ ಈ ಪರೀಕ್ಷೆಯನ್ನು ಪುನರಾವರ್ತಿಸುವುದು ಅನುಕೂಲಕರ.

ಹೊಳೆ ಏರುವ ರಾತ್ರಿ ಪುಟವನ್ನು ತಿದ್ದಲು ಸಮಯವಿರುವುದಿಲ್ಲ. ಮಳೆ ಬರುವ ಮೊದಲೇ ಈ ಕೆಲಸ ಮುಗಿದಿರಲಿ.